ಕೇಳದೆ ಕೊಟ್ಟ ಗುಳಿಗೆ

ಅವರ ಅಂಗಡಿಗೆ ತಲೆನೋವಿನ ಗುಳಿಗೆಗೆಂದು ಹೋದರೆ ತಲೆನೋವು ಜಾಸ್ತಿ ಮಾಡಿಕೊಂಡೇ ಬರಬೇಕಾಗುತ್ತಿತ್ತು. ಯಾರಿಗೆ, ಯಾವಾಗಿನಿಂದ, ಬೆಳಿಗ್ಗೆ ಎಂತ ತಿಂದಿದ್ದರು, ಹೊಟ್ಟೆಯಲ್ಲಿ ಹುಣ್ಣುಂಟೋ, ಬೇರೆ ಯಾವ ಗುಳಿಗೆ ನಡೆಯುತ್ತಿದೆ, ಹೀಗೆ ಶುರುವಾದರೆ ಮುಗಿಯುವ ಮಾತಿಲ್ಲ. ಅಂಕೋಲೆಯ ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ರಸ್ತೆಯಲ್ಲಿ ಅವರ ಔಷಧಿ ಅಂಗಡಿ. ಮೂರು ಜನ ನಿಂತರೆ ನಾಲ್ಕನೆಯವರು ರಸ್ತೆಯಲ್ಲಿ ನಿಲ್ಲಬೇಕು. ಅಲ್ಲಿ ಯಾವಾಗಲೂ ಏಳೆಂಟು ಜನ ಇರುತ್ತಿದ್ದರು. ವ್ಯಾಪಾರ ಜೋರೆಂದು ಅಲ್ಲ, ಒಬ್ಬರ ವಿಚಾರಣೆ ಮುಗಿಯದೆ ಇನ್ನೊಬ್ಬರ ಸರದಿ ಬರುತ್ತಿರಲಿಲ್ಲ.

ಅವರು ಈಗಿಲ್ಲ. ತೀರಿಕೊಂಡ ಮೇಲೆ ಪೇಟೆಯಲ್ಲಿ ಒಂದು ಸಂತಾಪಸಭೆಯಾಯಿತು. "ದೇವರಂಥ ಮನುಷ್ಯ" ಎಂದು ಒಬ್ಬೊಬ್ಬರಾಗಿ ಎದ್ದು ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಹೀಗೆ ಹೇಳಿದವರಲ್ಲಿ ಅರ್ಧಕ್ಕರ್ಧ ಜನ ಅವರು ಬದುಕಿದ್ದಾಗ ಅವರ ಪ್ರಶ್ನೆಗಳಿಗೆ ಹೆದರಿ ಎದುರಿನ ಅಂಗಡಿಗೆ ಹೋಗುತ್ತಿದ್ದವರು. ಅವರು ದೇವರಂಥವರೇನೂ ಆಗಿರಲಿಲ್ಲ. ದೇವರು ಇಷ್ಟು ಪ್ರಶ್ನೆ ಕೇಳುವುದಿಲ್ಲ.

ಸಣಕಲು ದೇಹ, ಹಣೆಯ ಮೇಲೆ ಏರಿಸಿದ ಕನ್ನಡಕ, ಎಡಗೈ ಮಣಿಕಟ್ಟಿಗೆ ನಾಲ್ಕೈದು ರಬ್ಬರ್ ಬ್ಯಾಂಡು. ಹಣೆಯ ಮೇಲಿದ್ದ ಕನ್ನಡಕವನ್ನು ಡ್ರಾಯರಿನಲ್ಲಿ ಹುಡುಕುವುದು ದಿನಕ್ಕೆರಡು ಸಲ. ಗುಳಿಗೆಯ ಸ್ಟ್ರಿಪ್ ಕೈಗೆ ಬಂದರೆ ತಿರುಗಿಸಿ, ಬೆಳಕಿಗೆ ಹಿಡಿದು, ಇರುವೆಯಷ್ಟು ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. "ದೊಡ್ಡ ಅಕ್ಷರ ಕಂಪನಿ ಇಟ್ಟ ಹೆಸ್ರು, ಸಣ್ಣ ಅಕ್ಷರ ಔಷಧದ್ದು. ನೀವೆಲ್ಲ ದೊಡ್ಡದು ಓದ್ತ್ರಿ, ಸಣ್ಣದು ಬಿಡ್ತ್ರಿ" ಎಂದು ಬೈಯುತ್ತಿದ್ದರು. ಮನೆಮಾತು ಕೊಂಕಣಿ. ಸಿಟ್ಟು ಮಿತಿಮೀರಿದಾಗ "ಅರೇ ದೇವಾ" ಎಂದು ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಅವರು ಕೂತರೆಂದರೆ ಇನ್ನು ಕಾಲು ಗಂಟೆ ಹೋಯಿತೆಂದೇ ಅರ್ಥ.

ಎಲ್ಲಾ ಗುಳಿಗೆಗೂ ಇದೇ ಕತೆಯಾದರೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯೆಂದರೆ ಅವರಿಗೆ ಮೈಮೇಲೆ ಬಂದ ಹಾಗೆ ಆಗುತ್ತಿತ್ತು. "ರಕ್ತ ತೆಳು ಮಾಡೂ ಗುಳಿಗೆ ಕೊಡಿ" ಎಂದವರಿಗೆ ಅದು ಸಿಗುತ್ತಲೇ ಇರಲಿಲ್ಲ.

"ರಕ್ತ ಎಂತ ಸಾರೇ ಮಾರಾಯ್ರೆ, ನೀರು ಹೊಯ್ದು ತೆಳು ಮಾಡೂಕೆ? ರಕ್ತ ಇದ್ದ ಹಾಂಗೇ ಇರ್ತದೆ. ಹೆಪ್ಪುಗಟ್ಟೂಕೆ ಮಾತ್ರ ತಡ ಆಗ್ತದೆ. ಬೆರಳು ಕೊಯ್ಕಂಡ್ರೆ ಬೇಗ ನಿಲ್ಲೂದಿಲ್ಲ. ಅಷ್ಟೇ ಇದ್ರ ಕೆಲ್ಸ."

ಎಲ್ಲರೂ ಹಾಗೇ ಹೇಳುತ್ತಾರೆ, ಡಾಕ್ಟರೂ ಹಾಗೇ ಹೇಳುತ್ತಾರೆ, ನಿಮಗೊಬ್ಬರಿಗೆ ಎಂತಕ್ಕೆ ತೊಂದರೆ ಎಂದು ನಾನೇ ಒಮ್ಮೆ ಕೇಳಿದ್ದೆ. ಅದಕ್ಕೆ ಅವರು ಶೆಟಗೇರಿಯ ಒಬ್ಬ ಹೆಂಗಸಿನ ಕತೆ ಹೇಳಿದರು. ಗಂಡನಿಗೆ ರಕ್ತ ತೆಳು ಮಾಡುವ ಗುಳಿಗೆ ಶುರುವಾಗಿದೆ ಎಂದು ಕೇಳಿ ಆಕೆಗೆ ಎದೆಯೊಡೆದು ಹೋಯಿತಂತೆ. ತೆಳುವಾದ ರಕ್ತದಲ್ಲಿ ಮನುಷ್ಯ ಗದ್ದೆಗೆ ಇಳಿಯುವುದು ಹೇಗೆ? ದಿನಾ ಹರಿವೆ, ಬಸಳೆ, ನುಗ್ಗೆಸೊಪ್ಪು ಬೇಯಿಸಿ ಬಡಿಸಿದಳು, ರಕ್ತ ಮತ್ತೆ ದಪ್ಪವಾಗಲಿ ಎಂದು. ಆ ಸೊಪ್ಪುಗಳಲ್ಲಿರುವ ಸತ್ವವೇ ಆ ಗುಳಿಗೆಯ ಕೆಲಸ ಕೆಡಿಸುವಂಥದ್ದು. ಎರಡು ತಿಂಗಳಿಗೆ ಗಂಡ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಕಾಲು ಊದಿ ಆಸ್ಪತ್ರೆ ಸೇರಿದ. "ಅವ್ಳದ್ದು ಎಂತ ತಪ್ಪು? ತೆಳು ಅಂದದ್ದಕ್ಕೆ ದಪ್ಪ ಮಾಡೂಕೆ ಹೋದ್ಲು. ಸೊಪ್ಪು ತಿನ್ಬೇಡ ಅಂತಲೂ ಅಲ್ಲ, ಯಾವಾಗ್ಲೂ ಒಂದೇ ಹದದಲ್ಲಿ ತಿನ್ಬೇಕು. ಇದನ್ನ ಯಾರೂ ಅವ್ಳಿಗೆ ಹೇಳ್ಲೇ ಇಲ್ಲ" ಎಂದರು. ಅವತ್ತು ನನಗೆ ಬಸ್ಸು ತಪ್ಪಿತು.

ನಾನು ಕಾರವಾರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ, ದಿನಾ ಅಂಕೋಲೆಯಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮಕ್ಕಳಿಗೆ ಪಾಠ ಹೇಳುವ ಅಕ್ಕೋರು ಎಂಬ ಕಾರಣಕ್ಕೆ ನನ್ನ ಮೇಲೆ ಅವರಿಗೆ ವಿಶೇಷ ಗೌರವ. ಅಂದರೆ ನನಗೆ ಬೇರೆಯವರಿಗಿಂತ ಐದು ಪ್ರಶ್ನೆ ಹೆಚ್ಚು. ತೆಳು ಎನ್ನಬಾರದೆಂದರೆ ಕನ್ನಡದಲ್ಲಿ ಏನನ್ನಬೇಕು ಎಂದು ನನ್ನನ್ನೇ ಹಿಡಿದುಕೊಂಡರು. ಪೀಡೆ ತೊಲಗಲಿ ಎಂದು "ಹೆಪ್ಪುರೋಧಕ" ಎಂದೆ. ಒಂದು ವಾರ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿದರು. ಹಾರವಾಡದಿಂದ ಮೀನು ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬಳು "ಅದು ಯಾವ ದೇವ್ರ ಹೆಸ್ರು?" ಎಂದು ಕೇಳಿದ ಮೇಲೆ ನಿಲ್ಲಿಸಿದರು. ನಿಲ್ಲಿಸಿದ್ದನ್ನು ನನಗೆ ಹೇಳುವುದಕ್ಕೂ ಹತ್ತು ನಿಮಿಷ ತೆಗೆದುಕೊಂಡರು. "ಅಕ್ಕೋರೆ, ನಿಮ್ಮ ಶಬ್ದ ಚಲೋ ಉಂಟು, ಆದ್ರೆ ಅದು ಯಾರ ಮನೆ ಒಳಗೂ ಹೋಗೂದಿಲ್ಲ."

ಒಮ್ಮೆ ಹಲ್ಲು ಕೀಳಿಸಲು ಹೊರಟ ಒಬ್ಬ ಮುದುಕ ಅವರ ಅಂಗಡಿಯಲ್ಲಿ ನೋವಿನ ಗುಳಿಗೆ ಕೇಳಿದ. ಮುದುಕ ಹೆಪ್ಪು ತಡೆಯುವ ಗುಳಿಗೆ ತಿನ್ನುವವನೆಂದು ಅವರಿಗೆ ನೆನಪಿತ್ತು. ಹಲ್ಲಿನ ಡಾಕ್ಟರಿಗೆ ಹೇಳಿದ್ದೀಯೋ ಎಂದರೆ, ಹಲ್ಲಿಗೂ ಹಾರ್ಟಿಗೂ ಎಂತ ಸಂಬಂಧ ಎಂದನಂತೆ. ಇವರು ಅಂಗಡಿಯನ್ನು ಹಾಗೇ ಬಿಟ್ಟು, ಮುದುಕನ ರಟ್ಟೆ ಹಿಡಿದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ನಡೆದರು. ಅಂಗಡಿಯೆದುರು ನಾವು ಆರು ಜನ ಬೆಪ್ಪರಂತೆ ನಿಂತಿದ್ದೆವು. ಒಬ್ಬ ಮಹಾಶಯ ಕೌಂಟರಿನ ಒಳಗೆ ಕೈಹಾಕಿ ತನಗೆ ಬೇಕಾದ ಕೆಮ್ಮಿನ ಔಷಧಿ ತಾನೇ ತೆಗೆದುಕೊಂಡು ಹೋದ. ತಿರುಗಿ ಬಂದವರಿಗೆ ಅದು ತಿಳಿದಾಗ ಕದ್ದದ್ದಕ್ಕೆ ಬೇಜಾರಾಗಲಿಲ್ಲ. "ಅವ್ನಿಗೆ ಸಕ್ಕರೆ ಕಾಯಿಲೆ ಉಂಟೋ ಇಲ್ವೋ ಕೇಳೂಕೆ ಆಗ್ಲಿಲ್ಲ" ಎಂದು ಬೇಜಾರಾಯಿತು.

ಅವರ ದೊಡ್ಡ ಜಗಳವಿದ್ದದ್ದು ನಮ್ಮ ಕಡೆಯ ಒಂದು ರೂಢಿಯ ಜೊತೆಗೆ. ದೊಡ್ಡ ಕಾಯಿಲೆ ಬಂದರೆ ನಾವು ಜಿಲ್ಲೆ ಬಿಟ್ಟು ಓಡುವವರು. ಕೆಲವರು ಮಂಗಳೂರಿಗೆ, ಕೆಲವರು ಗೋವಾಕ್ಕೆ, ಕೆಲವರು ಹುಬ್ಬಳ್ಳಿಗೆ. ಹಾಗಾಗಿ ಗುಳಿಗೆಗೂ ಊರಿನದೇ ಹೆಸರು. ಮಂಗಳೂರು ಗುಳಿಗೆ ಬೆಳಿಗ್ಗೆ, ಹುಬ್ಬಳ್ಳಿ ಗುಳಿಗೆ ಊಟವಾದ ಮೇಲೆ. ಅಂಗಡಿಗೆ ಬಂದು "ಒಂದು ಹಾಳೆ ಗೋವಾ ಗುಳಿಗೆ" ಎಂದು ಕೇಳುತ್ತಿದ್ದರು. "ಗೋವಾದಲ್ಲಿ ಒಂದೇ ಗುಳಿಗೆ ಮಾಡ್ತ್ರೇನ್ರಿ?" ಎಂದು ಇವರು ಕೂಗುತ್ತಿದ್ದರು. ಮನೆಯಲ್ಲಿ ಗುಳಿಗೆ ತುಂಬಿಟ್ಟ ಚೀಲ, ಆ ಕೊಟ್ಟೆಯನ್ನೇ ತನ್ನಿ, ಎಲ್ಲಾ ಸುರಿದು ನೋಡದೆ ಕೊಡುವುದಿಲ್ಲ ಎನ್ನುತ್ತಿದ್ದರು. ಪ್ಲಾಸ್ಟಿಕ್ ಕೊಟ್ಟೆಗಾಗಿ ಹಾರವಾಡಕ್ಕೆ ವಾಪಸು ಹೋದವರಿದ್ದಾರೆ. ವಾಪಸು ಹೋದವರು ಎದುರಿನ ಅಂಗಡಿಗೇ ಹೋಗಿದ್ದರೆ ನನಗೆ ಆಶ್ಚರ್ಯವಿಲ್ಲ.

ನಾನೂ ಹೋಗಬಹುದಿತ್ತು. ಆಯಿ, ಅಂದರೆ ನನ್ನ ತಾಯಿ, ಬಿಡಲಿಲ್ಲ. ನನ್ನ ಜೊತೆಗೇ ಇರುವ ಆಯಿಗೆ ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ. ಮಂಗಳೂರಿನ ಡಾಕ್ಟರು ವಾರ್ಫರಿನ್ ಎಂಬ ಗುಳಿಗೆ ಬರೆದಿದ್ದರು. ಬಡಿತ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗದಿರಲಿ ಎಂದು ಅದು. ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಅದರ ಪ್ರಕಾರ ಗುಳಿಗೆ ಹೆಚ್ಚುಕಮ್ಮಿ. ಈಗ ಇಷ್ಟು ಸರಾಗವಾಗಿ ಬರೆಯುತ್ತಿದ್ದೇನೆ. ಆಗ ಇದೆಲ್ಲ ನನ್ನ ತಲೆಯಲ್ಲಿರಲಿಲ್ಲ. ಅವರು ಇಪ್ಪತ್ತು ಸಲ ಹೇಳಿದ್ದರು, ಇಪ್ಪತ್ತು ಸಲವೂ ನಾನು ಗಡಿಯಾರ ನೋಡುತ್ತಿದ್ದೆ. ಮನೆಯಲ್ಲಿ ನಮಗೆ ಅದು ಮಂಗಳೂರು ಗುಳಿಗೆ, ಹಾರ್ಟಿನದು. ತೆಳು ಎಂಬ ಮಾತು ಬಾಯಿಗೆ ಬರಲು ಅವರು ಬಿಡದಿದ್ದ ಕಾರಣ ಆ ಹೆಸರೂ ಅದಕ್ಕೆ ಅಂಟಲಿಲ್ಲ. ಈ ಒಂದು ವಿಷಯಕ್ಕೆ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ.

ಮಾರ್ಚ್ ತಿಂಗಳು, ಶಾಲೆಯಲ್ಲಿ ಪರೀಕ್ಷೆ. ಕಾರವಾರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಹೆಗಲಲ್ಲಿ ಉತ್ತರಪತ್ರಿಕೆಯ ಚೀಲ ಹೊತ್ತು, ಸಂಜೆ ಅವರ ಅಂಗಡಿಗೆ ಹೋದೆ. ಆಯಿಯ ಗುಳಿಗೆ ಅವತ್ತಿಗೇ ಮುಗಿದಿತ್ತು.

"ಕೊಟ್ಟೆ ತಂದ್ರಾ ಅಕ್ಕೋರೆ?"

"ಇಲ್ಲ. ಹೋದ ತಿಂಗಳು ನೋಡೀರಲ್ಲ. ಅದೇ ಗುಳಿಗೆ."

"ಹೋದ ತಿಂಗಳದ್ದು ಹೋದ ತಿಂಗಳಿಗೆ. ನಡುವೆ ಜ್ವರಕ್ಕೆ, ಮೈಕೈ ನೋವಿಗೆ ಎಂತಾದ್ರೂ ತಿಂದ್ರಾ ಆಯಿ? ಮನೆ ಇಲ್ಲೇ ಉಂಟಲ್ಲ, ತಕಂಬನ್ನಿ, ನಾನು ಇರ್ತೆ."

ಅವತ್ತು ನನ್ನ ತಾಳ್ಮೆ ಹರಿದುಹೋಯಿತು. ಮಕ್ಕಳನ್ನು ಬೈಯುವ ದನಿಯಲ್ಲೇ ಶುರುಮಾಡಿದೆ. "ನಾವು ಇಲ್ಲಿ ಬರೂದು ಗುಳಿಗೆಗೆ, ಪರೀಕ್ಷೆ ಬರೆಯೂಕೆ ಅಲ್ಲ. ಚೀಟಿ ಬರೆದ ಡಾಕ್ಟ್ರಿಗೆ ಇಲ್ಲದ ಸಂಶಯ ನಿಮ್ಗೆ ಎಂತಕ್ಕೆ? ಕೇಳೂದು ಡಾಕ್ಟ್ರ ಕೆಲ್ಸ, ಕೊಡೂದು ನಿಮ್ಮ ಕೆಲ್ಸ. ನಿಮ್ಮ ಕೆಲ್ಸ ನೀವು ಮಾಡಿ. ಈ ಊರಲ್ಲಿ ಯಾರಿಗೂ ನಿಮ್ಮ ಭಾಷಣ ಕೇಳೂಕೆ ಪುರಸೊತ್ತಿಲ್ಲ."

ಹಿಂದೆ ನಿಂತವರಲ್ಲಿ ಒಬ್ಬರು "ಸಮ ಹೇಳಿದ್ರಿ ಅಕ್ಕೋರೆ" ಎಂದರು. ಯಾರೋ ನಕ್ಕರು. ಅಂಗಡಿಯವರು ಒಳಗೆ ಹೋಗಿ ಗುಳಿಗೆ ತಂದು, ರಬ್ಬರ್ ಬ್ಯಾಂಡು ಹಾಕಿ ಕೊಟ್ಟರು. ನಾನು ಬೀಗುತ್ತ ಮನೆಗೆ ಬಂದೆ. ಆಯಿಗೂ ವರ್ಣಿಸಿ ಹೇಳಿದೆ. "ಹಾಂಗೆ ಹೇಳ್ಬಾರ್ದಿತ್ತು ಮಗಾ" ಎಂದಳು ಆಯಿ. ಅವಳಿಗೂ ಬೈದೆ.

ಮೇ ರಜೆಗೆ ಗೋವಾದ ಮಡಗಾಂವಿನಲ್ಲಿರುವ ನನ್ನ ತಮ್ಮನ ಮನೆಗೆ ಹೋದೆವು. ಅಲ್ಲಿ ಆಯಿಗೆ ಉಸಿರು ಕಟ್ಟಿದಂತಾಗಿ ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಅಲ್ಲಿಯ ಡಾಕ್ಟರು ಹೊಸ ಗುಳಿಗೆ ಕೊಟ್ಟರು, ಇದಕ್ಕೆ ತಿಂಗಳು ತಿಂಗಳು ರಕ್ತಪರೀಕ್ಷೆ ಬೇಡ ಎಂದರು. ನಮಗೆ ಹಬ್ಬವಾಯಿತು. ಹಿಂದಿನ ಬ್ಲಡ್ ಥಿನ್ನರ್ ನಿಲ್ಲಿಸಿ ಎಂದೂ ಹೇಳಿದರು. ಮನೆಗೆ ಬಂದು ಕೊಟ್ಟೆಯಲ್ಲಿ ಬ್ಲಡ್ ಥಿನ್ನರ್ ಯಾವುದೆಂದು ಹುಡುಕಿದೆ. ಆಯಿ "ನಂಗೆ ಅಂತದ್ದು ಎಲ್ಲಿತ್ತು? ಇದು ಬಿಪಿಯದ್ದು, ಇದು ಮಂಗಳೂರಿಂದು, ಹಾರ್ಟಿಗೆ. ಹಾರ್ಟಿಂದು ಬಿಡೂಕೆ ಆಗ್ತದಾ?" ಎಂದಳು. ನನಗೂ ಹೌದೆನಿಸಿತು. ಮಂಗಳೂರು ಗುಳಿಗೆ ಬೆಳಿಗ್ಗೆ ನಡೆಯಿತು, ಗೋವಾ ಗುಳಿಗೆ ಎರಡು ಹೊತ್ತು ನಡೆಯಿತು.

ಜೂನಿನಲ್ಲಿ ಮಂಗಳೂರು ಗುಳಿಗೆ ಮುಗಿಯಿತು. ಅವರ ಅಂಗಡಿಗೆ ಹೋದೆ. ಮಳೆ, ಗಿರಾಕಿಗಳು ಯಾರೂ ಇರಲಿಲ್ಲ. ಅವರು ನನ್ನ ಮುಖ ನೋಡಿದರು. ಏನೋ ಕೇಳಲು ಬಾಯಿ ತೆರೆದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನಾನು ಹುಬ್ಬು ಗಂಟಿಕ್ಕಿದ್ದೂ ನೆನಪಿದೆ. ಬಾಯಿ ಮುಚ್ಚಿ, ಒಳಗೆ ಹೋಗಿ ಗುಳಿಗೆ ತಂದುಕೊಟ್ಟರು. "ತಕಳಿ ಅಕ್ಕೋರೆ" ಎಂದಷ್ಟೇ ಅಂದರು. ಎರಡು ನಿಮಿಷವೂ ಹಿಡಿಯಲಿಲ್ಲ. ಈ ಮನುಷ್ಯ ಅಂತೂ ದಾರಿಗೆ ಬಂದರಲ್ಲ ಎಂದುಕೊಂಡೆ.

ಇಪ್ಪತ್ತು ದಿನಗಳಲ್ಲಿ ಆಯಿಯ ತೋಳಿನಲ್ಲಿ ಅಂಗೈಯಗಲದ ನೀಲಿ ಕಲೆ ಎದ್ದಿತು. ಎಲ್ಲೋ ತಾಗಿರಬೇಕೆಂದು ಎಣ್ಣೆ ಹಚ್ಚಿದೆವು. ಹಲ್ಲುಜ್ಜುವಾಗ ರಕ್ತ ಬಂದರೆ ಬ್ರಷ್ ಗಟ್ಟಿಯಾಯಿತೆಂದು ಹೊಸದು ತಂದೆ. ಆಮೇಲೊಂದು ಬೆಳಿಗ್ಗೆ ಬಚ್ಚಲಿನಿಂದ ಬಂದವಳು ಗೋಡೆ ಹಿಡಿದು ಕೂತುಬಿಟ್ಟಳು. ಮಲ ಡಾಂಬರಿನ ಹಾಗೆ ಕಪ್ಪಾಗಿ ಹೋಗುತ್ತಿದೆ, ಎರಡು ದಿನವಾಯಿತು, ನಿನಗೆ ಶಾಲೆ ಉಂಟೆಂದು ಹೇಳಲಿಲ್ಲ ಎಂದಳು. ಮುಖದಲ್ಲಿ ರಕ್ತದ ಸುಳಿವೇ ಇರಲಿಲ್ಲ. ಆಂಬುಲೆನ್ಸ್ ತರಿಸಿ ಕಾರವಾರಕ್ಕೆ ಒಯ್ದೆವು.

ಆಸ್ಪತ್ರೆಯಲ್ಲಿ ಸಣ್ಣ ಪ್ರಾಯದ ಡಾಕ್ಟರಮ್ಮ ಕೇಳಿದರು, "ಯಾವ ಯಾವ ಮಾತ್ರೆ ತಗೊಳ್ತಿದ್ದಾರೆ?"

"ಒಂದು ಮಂಗಳೂರಿಂದು, ಒಂದು ಗೋವಾದ್ದು..."

"ಊರು ಬೇಡ, ಮಾತ್ರೆ ಹೆಸರು ಹೇಳಿ."

ಇಪ್ಪತ್ತೆರಡು ವರ್ಷ ಪಾಠ ಮಾಡಿದವಳಿಗೆ ಒಂದು ಗುಳಿಗೆಯ ಹೆಸರೂ ಗೊತ್ತಿರಲಿಲ್ಲ. ಆಯಿ ನೀರು ಬೇಕೆಂದು ಸನ್ನೆ ಮಾಡುತ್ತಿದ್ದಳು, ಕೊಡಬಾರದೆಂದು ನರ್ಸು ಹೇಳುತ್ತಿದ್ದರು. ನಾನು ಔಷಧಿ ಅಂಗಡಿಗೆ ಫೋನ್ ಮಾಡಿದೆ. ಅವರು ಒಂದೇ ಪ್ರಶ್ನೆ ಕೇಳಿದರು. "ಕೊಟ್ಟೆ ಎಲ್ಲುಂಟು?"

ಅಂಗಡಿ ಬಾಗಿಲು ಎಳೆದು, ನಮ್ಮ ನೆರೆಮನೆಯವರಿಂದ ಕೀಲಿ ತೆಗೆದುಕೊಂಡು, ಕೊಟ್ಟೆ ಹುಡುಕಿ, ಎರಡೂ ಗುಳಿಗೆಗಳ ಸಣ್ಣ ಅಕ್ಷರವನ್ನು ಮೊದಲು ಫೋನಿನಲ್ಲೇ ಡಾಕ್ಟರಮ್ಮನಿಗೆ ಓದಿ ಹೇಳಿದರು. ಅಷ್ಟಕ್ಕೆ ಬಿಡುವ ಪೈಕಿಯಲ್ಲವಲ್ಲ, ಸಿಕ್ಕ ಬಸ್ಸು ಹತ್ತಿ ತಾವೇ ಕಾರವಾರಕ್ಕೆ ಬಂದರು. ನೆನೆದು ತೊಪ್ಪೆಯಾಗಿದ್ದರು. ಅಷ್ಟರಲ್ಲಿ ಆಯಿಗೆ ಇಂಜೆಕ್ಷನ್ ಕೊಟ್ಟು ರಕ್ತ ಏರಿಸುತ್ತಿದ್ದರು. ಕೌಂಟರಿನ ಮೇಲೆ ಸುರಿಯುವ ಹಾಗೆ ಡಾಕ್ಟರಮ್ಮನ ಮೇಜಿನ ಮೇಲೆ ಕೊಟ್ಟೆ ಸುರಿದರು.

"ಇದು ವಾರ್ಫರಿನ್, ಇದು ಅಪಿಕ್ಸಬಾನ್. ಎರಡೂ ಹೆಪ್ಪು ತಡೆಯೂವೇ. ಒಂದು ಶುರು ಆದ್ರೆ ಇನ್ನೊಂದು ನಿಲ್ಲೂಕೇ ಬೇಕು. ವಾರ್ಫರಿನ್ ಕೊಟ್ಟದ್ದು ನಾನೇ ಡಾಕ್ಟ್ರೆ, ಜೂನಲ್ಲಿ. ಕೇಳ್ದೇ ಕೊಟ್ಟೆ. ಕೇಳೂದು ನನ್ನ ಕೆಲ್ಸ ಆಗಿತ್ತು."

ನಾನು ಅಲ್ಲೇ ನಿಂತಿದ್ದೆ. ಯಾಕೆ ಕೇಳಲಿಲ್ಲ ಎಂದು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಡಾಕ್ಟರಮ್ಮ ಅವರನ್ನು ಗದರಿಸಿದರು, ಅವರು ತಲೆ ಬಗ್ಗಿಸಿ ಕೇಳಿಸಿಕೊಂಡರು.

ಆಯಿ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಮನೆಗೆ ಬಂದಳು. ಈಗಲೂ ಇದ್ದಾಳೆ. ನೆಲಕ್ಕೆ ಕೂತರೆ ಏಳಲು ಕೈ ಹಿಡಿಯಬೇಕು, ಅಷ್ಟೇ.

ಅಂಗಡಿಯಲ್ಲಿ ಅವರ ಪ್ರಶ್ನೆಗಳು ಮತ್ತೆ ಇಮ್ಮಡಿಯಾಗಿ ಶುರುವಾದವು. ಅದರ ಜೊತೆಗೆ ಒಂದು ಕತೆಯೂ ಸೇರಿಕೊಂಡಿತು. ಯಾರಾದರೂ ಕೊಟ್ಟೆ ತರುವುದಿಲ್ಲ ಎಂದರೆ ಸಾಕು, "ಒಬ್ಬರ ಆಯಿಗೆ ನಾನು ಕೇಳ್ದೇ ಗುಳಿಗೆ ಕೊಟ್ಟೆ ಮಾರಾಯ್ರೆ, ಆಯಿ ಸಾಯೂಕೆ ಹೋಗಿದ್ರು. ತಪ್ಪು ನಂದು" ಎಂದು ಶುರುಮಾಡುತ್ತಿದ್ದರು. ನಾನು ಸರದಿಯಲ್ಲಿ ನಿಂತಿದ್ದಾಗಲೂ ಹೇಳುತ್ತಿದ್ದರು, ನನ್ನ ಕಡೆ ನೋಡದೆ. ಆ ಕತೆಯಲ್ಲಿ ಅಕ್ಕೋರು ಇರುತ್ತಿರಲಿಲ್ಲ. ಒಮ್ಮೆಯಾದರೂ ನನ್ನನ್ನು ಬೈದಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು! ಊರಿಗೆಲ್ಲ ಬೈಯುವ ಮನುಷ್ಯ ನನಗೊಬ್ಬಳಿಗೆ ಬೈಯಲಿಲ್ಲ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಒಮ್ಮೆ "ಅವತ್ತು ಮಾರ್ಚಿನಲ್ಲಿ ನಾನು..." ಎಂದು ಶುರುಮಾಡಿದೆ. "ಆಯಿ ಸೊಪ್ಪು ತಿಂತ್ರಾ?" ಎಂದು ನಡುವೆಯೇ ಕೇಳಿ ಕನ್ನಡಕ ಹುಡುಕತೊಡಗಿದರು. ಈ ಮನುಷ್ಯನ ಹತ್ತಿರ ಕ್ಷಮೆ ಕೇಳುವುದಕ್ಕೂ ಪುರಸೊತ್ತು ಸಿಗಲಿಲ್ಲ.

ಅವರು ತೀರಿಕೊಂಡ ಐದನೆಯ ದಿನ ಅವರ ಮನೆಗೆ ಮಾತಾಡಿಸಲು ಹೋದೆ. ಕೇರಿಯ ಹೆಂಗಸರು ನಾಲ್ಕೈದು ಜನ ಕೂತಿದ್ದರು. ಅವರ ಹೆಂಡತಿ ಅತ್ತು ಮುಗಿಸಿ, ಈಗ ಬರೀ ಮಾತಾಡುತ್ತಿದ್ದರು.

"ಯಾರು ಎಂತ ಅಂದ್ರೂ ತಲೆಗೆ ಹಚ್ಕಂಡವ್ರಲ್ಲ ಅಕ್ಕೋರೆ. ಒಂದಿನ ಮಾತ್ರ ಅಂಗಡಿಯಿಂದ ಬಂದವ್ರು ಊಟಕ್ಕೆ ಏಳ್ಲಿಲ್ಲ. ನಂಗೆ ಬಾಯಿ ಜಾಸ್ತಿ ಆಯ್ತು, ಇನ್ಮೇಲೆ ಯಾರಿಗೂ ಎಂತದೂ ಕೇಳೂದಿಲ್ಲ ಅಂದ್ರು. ಯಾರು ಎಂತ ಹೇಳಿದ್ರು ಅಂತ ನಾನು ಎಷ್ಟು ಸಲ ಕೇಳಿದ್ರೂ ಹೇಳ್ಲೇ ಇಲ್ಲ. ಆಮೇಲೆ ಮೂರು ತಿಂಗಳು ಅವ್ರು ಅವ್ರಾಗಿ ಇರ್ಲಿಲ್ಲ."

ಸುಮ್ಮನೆ ಇರಬಹುದಿತ್ತು. ಎರಡು ವರ್ಷ ಸುಮ್ಮನಿದ್ದು ರೂಢಿಯೂ ಆಗಿತ್ತು.

"ಹೇಳಿದ್ದು ನಾನು" ಎಂದೆ. "ಅವ್ರು ಕೇಳ್ದೇ ಗುಳಿಗೆ ಕೊಟ್ಟದ್ದು ನನ್ನ ಆಯಿಗೇ. ನಾನೇ ಅವ್ರ ಬಾಯಿ ಮುಚ್ಚಿಸಿದ್ದು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಸಿಟ್ಟೇನೂ ಇಲ್ಲದ ದನಿಯಲ್ಲಿ ಹೇಳಿದರು:

"ಹಾಂಗಾದ್ರೆ ಹೌದು. ಬೇರೆ ಯಾರು ಹೇಳಿದ್ರೂ ಅವ್ರು ನಂಬ್ತಿರ್ಲಿಲ್ಲ. ಮಕ್ಕಳಿಗೆ ಕಲಿಸೂ ಅಕ್ಕೋರು, ಅವ್ರು ಹೇಳಿದ್ದು ಸಮ ಇರ್ಬೇಕು ಅಂದ್ಕಂಡ್ರು."